ಗರಿಗರಿ ಅಕ್ಕನ ಬೆಣ್ಣೆ ಹಣ್ಣಿನ ಮರ

ಬಟ್ಟೆಗೆ ಇಸ್ತ್ರಿ ಹಾಕುವ ಅವಳನ್ನು ನಮ್ಮ ಬೀದಿಯವರೆಲ್ಲ ಗರಿಗರಿ ಅಕ್ಕ ಎಂದೇ ಕರೆಯುತ್ತಿದ್ದರು. ಅವಳ ಕೈಯಿಂದ ಹೊರಟ ಅಂಗಿಯ ತೋಳಿನ ಮಡಿಕೆ ತಾಗಿದರೆ ಬೆರಳು ಕುಯ್ಯುತ್ತದೆ ಎನ್ನುವವರಿದ್ದರು. ಮಾತೂ ಹಾಗೆಯೇ. ಸುಕ್ಕು ಉಳಿಸಿಕೊಂಡು ಮಾತಾಡುವುದು ಅವಳಿಗೆ ಗೊತ್ತಿರಲಿಲ್ಲ. ಗಂಡ ಬಸ್ಸುಗಳನ್ನು ರಿಪೇರಿ ಮಾಡುವ ಶೆಡ್ಡಿನಲ್ಲಿ ಕೆಲಸಕ್ಕಿದ್ದ. ಮನೆಯಲ್ಲಿ ಮಾತಾಡುವ ಹೊಣೆಯನ್ನು ಪೂರ್ತಿ ಹೆಂಡತಿಗೆ ವಹಿಸಿಕೊಟ್ಟು ಆತ ನೆಮ್ಮದಿಯಾಗಿದ್ದ.

ಮನೆ ಸಣ್ಣದು. ಎದುರಿಗೆ ಶೀಟು ಹೊದೆಸಿದ ಜಗಲಿ, ಅಲ್ಲಿ ಅವಳ ಮೇಜು. ಮೇಜಿನ ಮೇಲೆ ಹಳೆಯ ಕಂಬಳಿ, ಅದರ ಮೇಲೆ ಬಿಳಿ ಬಟ್ಟೆ, ಪಕ್ಕದಲ್ಲಿ ಕೆಂಡ ತುಂಬಿದ ಇಸ್ತ್ರಿ ಪೆಟ್ಟಿಗೆ. ಬೀದಿಗೆ ಮುಖ ಮಾಡಿ ನಿಂತರೆ ಯಾರು ಬಂದರು, ಯಾರು ಹೋದರು, ಯಾರ ಕೈಚೀಲದಲ್ಲಿ ಏನಿದೆ ಎಲ್ಲ ಕಾಣುತ್ತಿತ್ತು. ಒಳಗೆ ಒಂದು ಕೋಣೆ, ಒಂದು ಅಡುಗೆಮನೆ. ಹಿಂದೆ ಎರಡು ಹಾಸಿಗೆ ಹಾಸುವಷ್ಟು ಹಿತ್ತಿಲು.

ಬೆಣ್ಣೆ ಹಣ್ಣು ಈ ಮನೆಗೆ ಬಂದದ್ದು ಗಾಡಿಯವನ ದಯೆಯಿಂದ. ಗಾಡಿಯವನೆಂದರೆ ತಳ್ಳುಗಾಡಿಯಲ್ಲಿ ಹಣ್ಣು ಮಾರುವವನು. ಅವನ ಅಂಗಿಗಳೂ ಇವಳ ಹತ್ತಿರವೇ ಇಸ್ತ್ರಿಗೆ ಬರುತ್ತಿದ್ದವು. ಒಂದು ಸಂಜೆ ಮಾರಾಟವಾಗದೆ ಉಳಿದಿದ್ದ, ತೀರಾ ಮೆತ್ತಗಾದ ಒಂದು ಹಣ್ಣನ್ನು ಮೇಜಿನ ಮೇಲಿಟ್ಟು, "ಇವತ್ತೇ ತಿಂದುಬಿಡಿ, ನಾಳೆಗಿಲ್ಲ" ಎಂದು ಹೇಳಿ ಹೋದ.

ಮನೆಯಲ್ಲಿದ್ದ ಅವಳ ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಇದೇನೇ ಇದು, ಕಪ್ಪೆಯ ಬೆನ್ನಿನ ಹಾಗಿದೆ."

"ಬೆನ್ನು ಯಾಕೆ ನೋಡ್ತೀರಿ ಅತ್ತೆ, ಹೊಟ್ಟೆ ನೋಡಿ" ಎಂದು ಸೊಸೆ ಕುಯ್ದು ಕೊಟ್ಟಳು.

ಅತ್ತೆಯ ಬಾಯಲ್ಲಿ ಹಲ್ಲು ಎಂಬುದು ಹೆಸರಿಗೂ ಉಳಿದಿರಲಿಲ್ಲ. ಸ್ವಲ್ಪ ಸಕ್ಕರೆ ಹಾಕಿ ಹಾಲಿನಲ್ಲಿ ಕಲಸಿಕೊಟ್ಟ ಹಣ್ಣು ನಾಲಿಗೆಯ ಮೇಲೆ ಕರಗಿದ ಕೂಡಲೇ ಮುದುಕಿ ಕಣ್ಣು ಮುಚ್ಚಿದಳು. "ಹಲ್ಲಿದ್ದವರಿಗೆ ದೇವರು ಏನೇನೋ ಮಾಡಿಟ್ಟ. ಇದೊಂದನ್ನ ನನಗೆ ಅಂತಲೇ ಮಾಡಿದ್ದಾನೆ" ಎಂದಳು. ಅಂದಿನಿಂದ ವಾರಕ್ಕೊಮ್ಮೆ ಗಾಡಿಯ ಹತ್ತಿರ ಹೋಗಿ ಹಣ್ಣು ಆರಿಸುವುದು ಗರಿಗರಿ ಅಕ್ಕನ ಸಂತೋಷಗಳಲ್ಲಿ ಒಂದಾಯಿತು. ತೊಟ್ಟಿನ ಹತ್ತಿರ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಬೇಕು, ಬಗ್ಗಿದರೆ ಕೊಳ್ಳಬೇಕು, ಬಗ್ಗದಿದ್ದರೆ ಬಿಡಬೇಕು. ಅವಳ ಲೆಕ್ಕ ಅಷ್ಟೇ. ಗಂಡ ಬ್ರೆಡ್ಡಿನ ಮೇಲೆ ಸವರಿ ಉಪ್ಪು, ಮೆಣಸಿನ ಪುಡಿ ಉದುರಿಸಿಕೊಳ್ಳುತ್ತಿದ್ದ. ಅವಳಿಗೆ ಏನೂ ಬೇಡ, ಒಂದು ಚಮಚ ಸಾಕು.

ಬೀಜ ಎಸೆಯಲು ಮನಸ್ಸು ಬರಲಿಲ್ಲ. ಕೋಳಿಮೊಟ್ಟೆಯಷ್ಟು ದಪ್ಪ, ನುಣ್ಣಗೆ, ಕೈಗೆ ಹಿತವಾಗಿತ್ತು. ತಳ ಒಡೆದ ಬಕೆಟ್ಟಿನಲ್ಲಿ ಮಣ್ಣು ತುಂಬಿ, ಬೀಜದ ಚೂಪು ತುದಿ ಮೇಲೆ ಬರುವ ಹಾಗೆ ನೆಟ್ಟಳು. ಮೊಳಕೆ ಬರಲು ಎಷ್ಟು ದಿನ ಹಿಡಿಯಿತೆಂದರೆ, ಗಂಡ ಬಕೆಟ್ಟನ್ನು ಗುಜರಿಗೆ ಹಾಕಲು ಎರಡು ಸಲ ಎತ್ತಿಕೊಂಡು ಬೈಸಿಕೊಂಡಿದ್ದ. ಆಮೇಲೆ ಬೀಜ ಬಿರಿಯಿತು, ಗಿಡ ಎದ್ದಿತು, ಬಕೆಟ್ಟು ಬಿಟ್ಟು ಹಿತ್ತಿಲಿಗೆ ಇಳಿಯಿತು, ವರ್ಷಗಳು ಕಳೆದು ಸೂರಿಗಿಂತ ಎತ್ತರವಾಯಿತು. ಹೂ ಬಿಟ್ಟು ಉದುರಿಸಿತು. ಇನ್ನೊಂದು ವರ್ಷ ಮತ್ತೆ ಹೂ ಬಿಟ್ಟು, ಈ ಸಲ ಕಾಯಿ ಕಟ್ಟಿತು. ಎಳೆಗಾಯಿಗಳು ಅಷ್ಟಿಷ್ಟು ಉದುರಿ ಸುಕ್ಕಾಗಿ ಹೋದರೂ ಉಳಿದವು ದಪ್ಪಗಾಗಿ ತೂಗತೊಡಗಿದವು.

ಅವಳ ಕಾಲು ನೆಲಕ್ಕೆ ತಾಗಲಿಲ್ಲ. ಬೀದಿಯ ನಡುವೆಯೇ ಗಾಡಿಯವನನ್ನು ನಿಲ್ಲಿಸಿ ಹೇಳಿದಳು: "ಇನ್ನು ಮುಂದೆ ಈ ಹಣ್ಣಿಗೆ ನಿನ್ನ ಹತ್ತಿರ ಬರಲ್ಲ. ನಮ್ಮ ಹಿತ್ತಿಲಲ್ಲೇ ಗೊಂಚಲುಗಟ್ಟಲೆ ಬಿಟ್ಟಿದೆ. ಬೇಕಿದ್ದರೆ ನೀನೇ ಬಂದು ಕೇಳು, ಕೊಡ್ತೀನಿ."

"ಆಗಲಿ ಅಕ್ಕ" ಎಂದು ಅವನು ನಕ್ಕು ಗಾಡಿ ತಳ್ಳಿದ.

ಆದರೆ ಕಾಯಿ ಹಣ್ಣಾಗಲಿಲ್ಲ. ಬೆಳಗ್ಗೆ ಎದ್ದರೆ ಮೊದಲ ಕೆಲಸ ಹಿತ್ತಿಲಿಗೆ ಹೋಗಿ ಒಂದೊಂದನ್ನೂ ಹೆಬ್ಬೆರಳಿನಿಂದ ಒತ್ತುವುದು. ಒಂದೂ ಬಗ್ಗುತ್ತಿರಲಿಲ್ಲ. ತಾಳಲಾರದೆ ಒಮ್ಮೆ ಒಂದನ್ನು ಕಿತ್ತು ನಿಂತಲ್ಲೇ ಕುಯ್ದು ನೋಡಿದಳು. ರಬ್ಬರಿನ ಹಾಗಿತ್ತು. ಬೇಯಿಸಿ ನೋಡಿದಳು. ಕಹಿ. ಅತ್ತೆ ತಟ್ಟೆಯನ್ನು ದೂರ ಸರಿಸಿ, "ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅಂತಾರೆ. ನಿನ್ನ ಮರ ಎರಡು ಕಣ್ಣಿಗೂ ಸುಣ್ಣ" ಎಂದಳು. ಗಾಡಿಯವನನ್ನು ಕೇಳಿದ್ದರೆ ಆಗುತ್ತಿತ್ತು. ಆದರೆ ಬೀದಿ ನಡುವೆ ಅಷ್ಟು ದೊಡ್ಡ ಮಾತಾಡಿದ ಮೇಲೆ ಕೇಳುವುದು ಹೇಗೆ? ಕೇಳಲಿಲ್ಲ.

ಇಷ್ಟರಲ್ಲಿ ಮೈದುನನ ಮದುವೆ ಗೊತ್ತಾಯಿತು. ಮೈದುನ ಗಾರೆ ಮೇಸ್ತ್ರಿ. ಅಣ್ಣನ ಮನೆಯ ಮೇಲೆ ತಾನೇ ಕಟ್ಟಿಕೊಂಡ ಒಂದು ಕೋಣೆಯಲ್ಲಿ ಸಂಸಾರ ಹೂಡುವುದೆಂದು ಎಲ್ಲರೂ ಒಪ್ಪಿದ್ದರು. ಗೋಡೆ ಎದ್ದಿತು, ಮಾಡು ಕೂತಿತು. ಮೆಟ್ಟಿಲು ಮಾತ್ರ ಬಾಕಿ. ಅದಕ್ಕೆ ಅವನು ನೋಡಿದ ಜಾಗ ಹಿತ್ತಿಲು, ಸರಿಯಾಗಿ ಮರ ನಿಂತಲ್ಲಿ.

"ಅತ್ತಿಗೆ, ಮರ ತೆಗೀಬೇಕು."

"ತೆಗೀತೀಯ? ನನ್ನನ್ನೂ ಸೇರಿಸಿ ತೆಗಿ."

"ನಿಮ್ಮನ್ನ ತೆಗೆಯೋಕೆ ಅಣ್ಣನ ಕೈಲೇ ಆಗಿಲ್ಲ, ನನ್ನ ಕೈಲಾಗುತ್ತಾ? ಆದರೆ ನೋಡಿ, ಮದುಮಗಳನ್ನ ನಾನು ಏಣಿ ಹತ್ತಿಸಿ ಕರಕೊಂಡು ಹೋಗಲಾ? ಇದೇನು ಹಣ್ಣಿನ ಮರವಾ? ಕಲ್ಲಿನ ಮರ. ಪಾಯಕ್ಕೆ ಜಲ್ಲಿ ಸಾಲದೆ ಬಂದರೆ ಈ ಕಾಯಿಗಳನ್ನೇ ಸುರೀತೀನಿ."

"ಹಣ್ಣಾಗುತ್ತೆ."

"ಯಾವಾಗ? ನನ್ನ ಮೊಮ್ಮಗನ ಮದುವೆಗಾ?"

ಗಂಡ ಊಟದ ತಟ್ಟೆಯಿಂದ ತಲೆಯೆತ್ತಲಿಲ್ಲ. ಕೊನೆಗೆ ಅವಳೇ ಹೇಳಿದಳು: "ಒಂದು ಮಾತು ಕೊಡು. ನೀನು ಮೆಟ್ಟಿಲಿಗೆ ಅಗೆಯೋದರೊಳಗೆ ಈ ಮರದ ಒಂದೇ ಒಂದು ಹಣ್ಣು ನಿನ್ನ ಬಾಯಿಗೆ ಹಾಕ್ತೀನಿ. ಹಾಕಿದರೆ ಮರ ಮುಟ್ಟಬಾರದು. ಇಲ್ಲದಿದ್ದರೆ ಕಡಿ, ಕೊಡಲಿ ನಾನೇ ಕೊಡ್ತೀನಿ."

ಮೈದುನನಿಗೆ ಇದು ಕೂತಲ್ಲಿ ಗೆದ್ದ ಹಾಗಿತ್ತು. ಒಪ್ಪಿದ. ಒಪ್ಪಿದವನು ಸುಮ್ಮನಿರಲಿಲ್ಲ. ಮರುದಿನ ಅಳತೆ ಹಿಡಿಯಲು ಬಂದಾಗ, ಗೋಡೆಗೆ ಅಡ್ಡವಾಗಿ ಚಾಚಿದ್ದ ಒಂದು ಕೊಂಬೆಯನ್ನು ಕಾಯಿಗಳ ಸಮೇತ ಕಡಿದು ಕೆಡವಿದ. ಸದ್ದು ಕೇಳಿ ಅವಳು ಇಸ್ತ್ರಿ ಪೆಟ್ಟಿಗೆಯನ್ನು ಅಲ್ಲೇ ಇಟ್ಟು ಓಡಿಬಂದಳು.

"ಕೊಂಬೆ ಅಷ್ಟೇ ಅತ್ತಿಗೆ, ಮರ ಮುಟ್ಟಿಲ್ಲ."

"ಕಾಲು ಮುರಿದು, ಮನುಷ್ಯನನ್ನ ಮುಟ್ಟಿಲ್ಲ ಅಂದ ಹಾಗಾಯ್ತು" ಎಂದವಳು ಆಮೇಲೆ ಅವನೊಂದಿಗೆ ಮಾತು ಬಿಟ್ಟಳು. ಬಿದ್ದ ಕಾಯಿಗಳನ್ನೆಲ್ಲ ಆಯ್ದು ಸೆರಗಿನಲ್ಲಿ ತುಂಬಿಕೊಂಡಳು. ಎಸೆಯಲು ಕೈ ಬರಲಿಲ್ಲ. ಒಂದು ಬುಟ್ಟಿಗೆ ಹಾಕಿ, ಮೇಲೆ ಹಳೆಯ ಹೊದಿಕೆ ಮುಚ್ಚಿ, ಜಗಲಿಯಲ್ಲಿ ಮೇಜಿನ ಕೆಳಗೆ ತಳ್ಳಿದಳು. ಇದ್ದಿಲ ಚೀಲದ ಪಕ್ಕದ ಆ ಮೂಲೆ ಸದಾ ಬೆಚ್ಚಗಿರುತ್ತಿತ್ತು. ಕೆಲಸದ ಗಡಿಬಿಡಿಯಲ್ಲಿ ಬುಟ್ಟಿ ಅವಳಿಗೆ ಮರೆತೇ ಹೋಯಿತು.

ವಾರ ಕಳೆದಿತ್ತು. ಮೇಜಿನ ಕೆಳಗೆ ಗುಡಿಸುವಾಗ ಬುಟ್ಟಿ ಪೊರಕೆಗೆ ಸಿಕ್ಕಿತು. ಹೊದಿಕೆ ತೆಗೆದಳು. ಹಸಿರಾಗಿದ್ದ ಕಾಯಿಗಳು ಕಪ್ಪಾಗಿದ್ದವು. ಕೊಳೆತುಹೋದವು ಎಂದುಕೊಂಡು ಒಂದನ್ನು ಎತ್ತಿದರೆ ಹೆಬ್ಬೆರಳು ತೊಟ್ಟಿನ ಹತ್ತಿರ ಮೆಲ್ಲಗೆ ಒಳಗಿಳಿಯಿತು. ಕೊಳೆತಿದ್ದರೂ ಒಳಗೇನಿದೆ ಎಂದು ನೋಡಿಯೇ ಎಸೆಯೋಣವೆಂದು ಚಾಕು ತಂದಳು. ಚಾಕು ಸುತ್ತಲೂ ಒಂದು ಸುತ್ತು ಬಂದಿತು, ಎರಡು ಹೋಳು ತಿರುಚಿದಳು, ಬೀಜ ತಾನಾಗಿ ಜಾರಿ ಕೈಗೆ ಬಿತ್ತು. ಒಳಗೆ ಅಂಚಿಗೆ ಹಸಿರು, ನಡುವೆ ಹಳದಿ, ಒಂದು ನಾರೂ ಇಲ್ಲ. ನಿಂತಲ್ಲೇ ಬೆರಳಿನಿಂದ ತೆಗೆದು ತಿಂದಳು. ಗಾಡಿಯ ಹಣ್ಣಿಗಿಂತ ಇದು ರುಚಿ ಎಂದು ಅವಳಿಗನ್ನಿಸಿತು. ತನ್ನ ಮರ ಎಂಬ ಪಕ್ಷಪಾತವೂ ಅದರಲ್ಲಿ ಸೇರಿದ್ದೀತು.

ಆಮೇಲೆ ಗೋಡೆಗೊರಗಿ ನಕ್ಕಳು. ಇಷ್ಟು ದಿನ ಮರದಲ್ಲೇ ಹಣ್ಣಾಗಲಿ ಎಂದು ಕಾದದ್ದೇ ತಪ್ಪು. ಈ ಕಾಯಿಗೆ ಬಲಿಯುವುದಕ್ಕೆ ಮರ ಬೇಕು, ಮೆತ್ತಗಾಗುವುದಕ್ಕೆ ಮರ ಬಿಡಬೇಕು. ಗಾಡಿಯವನು ಮೆತ್ತಗಾದದ್ದನ್ನೇ ಮುಂದಿಟ್ಟು ಮಾರುತ್ತಿದ್ದನಾದ್ದರಿಂದ ಅದು ಅವಳಿಗೆ ಎಂದೂ ಹೊಳೆದಿರಲಿಲ್ಲ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ ಎಂಬ ಮಾತು ಇದಕ್ಕೇ ಹುಟ್ಟಿರಬೇಕು. ಒಂದು ಹಣ್ಣನ್ನು ಅತ್ತೆಗೆ ಕಲಸಿಕೊಟ್ಟಳು. ಅತ್ತೆ ಬಟ್ಟಲು ನೆಕ್ಕಿ, "ಸುಣ್ಣ ಅಂದಿದ್ದೆನಲ್ಲ, ಆ ಮಾತು ವಾಪಸ್ಸು" ಎಂದಳು.

ತಾನು ಮಾತು ಬಿಟ್ಟಿದ್ದ ಮೈದುನನನ್ನು ಅಂದು ಅವಳೇ ಕರೆದಳು. ಹೋಳು ಮಾಡಿದ ಹಣ್ಣನ್ನು ಮುಂದಿಟ್ಟಳು. ಅವನು ಹಣ್ಣನ್ನು ನೋಡಿದ, ಅವಳನ್ನು ನೋಡಿದ.

"ಗಾಡಿಯವನಿಗೆ ಎಷ್ಟು ಕೊಟ್ರಿ?"

"ಏನಂದೆ?"

"ಅಲ್ಲ ಅತ್ತಿಗೆ, ನಿನ್ನೆವರೆಗೆ ಕಲ್ಲು, ಇವತ್ತು ಬೆಣ್ಣೆ. ನಾನು ಗಾರೆ ಕೆಲಸದವನು ನಿಜ, ಆದರೆ ತಲೆಯಲ್ಲೂ ಗಾರೆ ತುಂಬಿಲ್ಲ."

ಬೇರೆ ಯಾರಾದರೂ ಆಗಿದ್ದರೆ ಆಣೆ ಪ್ರಮಾಣ ಮಾಡುತ್ತಿದ್ದರು. ಅವಳು ಅವನ ತೋಳು ಹಿಡಿದು ಹಿತ್ತಿಲಿಗೆ ಎಳೆದುಕೊಂಡು ಹೋದಳು. "ನೀನೇ ಆರಿಸು. ನೀನೇ ಕೀಳು. ನಿನ್ನದೇ ಗುರುತು ಹಾಕು."

ಅವನು ಬೇಕೆಂದೇ ಎಲ್ಲಕ್ಕಿಂತ ಗಟ್ಟಿಯಾದ, ದಪ್ಪನೆಯ ಒಂದು ಕಾಯಿಯನ್ನು ತೊಟ್ಟಿನ ಸಮೇತ ಕಿತ್ತ. ಜೇಬಿನಿಂದ ಮೊಳೆ ತೆಗೆದು ಸಿಪ್ಪೆಯ ಮೇಲೆ ಅಡ್ಡಡ್ಡ ಎರಡು ಗೆರೆ ಗೀಚಿದ. ಕಾಯಿ ಬುಟ್ಟಿಗೆ ಹೋಯಿತು, ಹೊದಿಕೆ ಮುಚ್ಚಿತು. "ಇದು ಮೆತ್ತಗಾಗುವ ತನಕ ಹಾರೆ ಮುಟ್ಟಬೇಡ" ಎಂದಳು.

ಮುಂದಿನ ದಿನಗಳಲ್ಲಿ ಬೆಳಗ್ಗೆ ಎದ್ದು ಒತ್ತಿ ನೋಡುವ ಸರದಿ ಮೈದುನನದಾಯಿತು. ಕೆಲಸಕ್ಕೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಬಗ್ಗಿ ಹೊದಿಕೆ ಎತ್ತುತ್ತಿದ್ದ. ಮೊದಮೊದಲು, "ಕಲ್ಲು ಅತ್ತಿಗೆ, ಕಲ್ಲೇ" ಎಂದು ಹಾಡುತ್ತಾ ಹೋಗುತ್ತಿದ್ದ. ಅವಳು ಇಸ್ತ್ರಿಯಿಂದ ಕಣ್ಣು ತೆಗೆಯದೆ, "ಒತ್ತಿ ಒತ್ತಿ ಗಾಯ ಮಾಡಬೇಡ, ಅದೇನು ನಿನ್ನ ಸಿಮೆಂಟಾ?" ಎನ್ನುತ್ತಿದ್ದಳು. ಇಸ್ತ್ರಿಗೆ ಬರುವವರೂ ವಿಚಾರಿಸತೊಡಗಿದರು. ಬಟ್ಟೆಗಿಂತ ಮೊದಲು ಬುಟ್ಟಿಯ ಸುದ್ದಿ. ಗಾಡಿಯವನ ಕಿವಿಗೂ ಬಿತ್ತು. ಅವನು ಬಂದು ಮೇಜಿಗೆ ಮೊಣಕೈ ಊರಿ, "ನನ್ನನ್ನ ಒಂದು ಮಾತು ಕೇಳಿದ್ದರೆ ಹೇಳ್ತಿದ್ದೆನಲ್ಲ ಅಕ್ಕ. ಮನೆಯಲ್ಲಿ ಗೋಣಿ ಮುಚ್ಚಿಟ್ಟು ಮೆತ್ತಗೆ ಮಾಡಿಯೇ ನಾನು ಗಾಡಿಗೆ ಹಾಕೋದು" ಎಂದ.

"ಕೇಳಿದ್ದರೆ ನಾನು ನಾನಾಗಿರ್ತಿರಲಿಲ್ಲ ಬಿಡು" ಎಂದು ಅವಳೂ ನಕ್ಕಳು.

ಆಮೇಲೊಂದು ಬೆಳಗ್ಗೆ ಮೈದುನ ಹಾಡಲಿಲ್ಲ. ಹೊದಿಕೆ ಎತ್ತಿದವನು ಬಗ್ಗಿಯೇ ಇದ್ದ. ಕಪ್ಪಾದ ಸಿಪ್ಪೆಯ ಮೇಲೆ ಅವನು ಗೀಚಿದ ಗೆರೆಗಳು ಒಣಗಿ ಕಂದಾಗಿದ್ದವು. ಹೆಬ್ಬೆರಳು ಒಳಗಿಳಿದಿತ್ತು. ಅವಳು ಚಾಕುವನ್ನು ಅವನ ಕೈಗೇ ಕೊಟ್ಟಳು. ಜಗಲಿಯ ಮೆಟ್ಟಿಲಲ್ಲಿ ಕೂತು, ಒಂದು ಹೋಳನ್ನು ಸಿಪ್ಪೆ ಕಾಣುವ ತನಕ ಕೆರೆದು ತಿಂದ. ಇನ್ನೊಂದು ಹೋಳನ್ನೂ ತಿಂದ. ಬಾಗಿಲಲ್ಲಿ ನಿಂತ ಅಣ್ಣ ಅಪರೂಪಕ್ಕೆ ಬಾಯಿ ತೆರೆದು, "ನನಗೊಂಚೂರು ಉಳಿಸಬಾರದಾ?" ಎಂದ.

"ಸೋತವನಿಗೆ ಅಷ್ಟಾದರೂ ಸಿಗಲಿ ಅಣ್ಣ" ಎಂದು ಮೈದುನ ಬಾಯಿ ಒರೆಸಿಕೊಂಡ. ಆಮೇಲೆ ಎದ್ದು ಹಿತ್ತಿಲಿಗೆ ಹೋಗಿ ಬೇರು ಎಲ್ಲೆಲ್ಲಿ ಹರಡಿದೆ ಎಂದು ಸುತ್ತಾಡಿ ನೋಡಿದ. ಹಿಂದಿರುಗಿ ಬಂದಾಗ ಮುಖದಲ್ಲಿ ತಮಾಷೆ ಇರಲಿಲ್ಲ.

"ಅತ್ತಿಗೆ, ಮಾತು ಮಾತೇ. ಮರ ಮುಟ್ಟಲ್ಲ. ಆದರೆ ಹಿತ್ತಿಲಲ್ಲಿ ಮರದ ಪಕ್ಕ ಮೆಟ್ಟಿಲು ಏರಿಸಿದರೆ ನಾಳೆ ಬೇರು ಎತ್ತಿ ಬಿರುಕು ಬಿಡುತ್ತೆ. ಸುಳ್ಳು ಹೇಳಿ ಕಟ್ಟೋಕೆ ನನಗಾಗಲ್ಲ. ಇನ್ನು ಉಳಿದಿರೋ ಜಾಗ ಒಂದೇ." ಅವನು ಜಗಲಿಯ ಕಡೆ ನೋಡಿದ. ಅವಳ ಮೇಜಿನ ಕಡೆ.

ಅವಳಿಗೆ ಅರ್ಥವಾಯಿತು. ಮೆಟ್ಟಿಲು ಇಲ್ಲಿಂದ ಏರಿದರೆ ಬೀದಿಗೆ ಮುಖ ಮಾಡಿ ನಿಲ್ಲುವ ಜಾಗ ಹೋಗುತ್ತದೆ. ಮೇಜು ಮೆಟ್ಟಿಲ ಕೆಳಗಿನ ಸಂದಿಗೆ, ಗೋಡೆಗೆ ಮುಖವಾಗಿ ಹೋಗಬೇಕು. ಮದುವೆಯಾದ ಹೊಸದರಿಂದ ನಿಂತ ಜಾಗ ಅದು. ಅವಳು ಮೇಜಿನ ಮೇಲಿನ ಬಿಳಿ ಬಟ್ಟೆಯನ್ನು ಅಂಗೈಯಿಂದ ಒಮ್ಮೆ ಸವರಿದಳು.

"ಆ ಸಂದಿಯಲ್ಲಿ ತಲೆ ತಾಗುತ್ತಾ?"

"ತಾಗದ ಹಾಗೆ ಕಟ್ಟೋದು ನನ್ನ ಕೆಲಸ. ಬೆಳಕಿಗೆ ಗೋಡೆಯಲ್ಲಿ ಒಂದು ಕಿಂಡಿ ಬಿಡ್ತೀನಿ."

"ಕಿಂಡಿ ಸಣ್ಣದಾದರೆ ನಿನ್ನ ಅಂಗಿ ಸುಟ್ಟು ಕೊಡ್ತೀನಿ, ನೆನಪಿರಲಿ" ಎಂದಳು. "ಗಿರಾಕಿ ನನ್ನ ಕೈ ಹುಡುಕಿಕೊಂಡು ಬರ್ತಾರೆ, ಮುಖ ನೋಡೋಕಲ್ಲ. ಮೆಟ್ಟಿಲ ಕೆಳಗಿದ್ದರೂ ಬರ್ತಾರೆ. ಮೇಜು ನಾನೇ ಎಲ್ಲಾದರೂ ಇಟ್ಟುಕೋಬಹುದು. ಮರ ಎಲ್ಲಿಗೆ ಹೋಗುತ್ತೆ?"

ಅವನು ಚೀಲದಿಂದ ಅಳತೆಯ ನೂಲು ತೆಗೆದು ಒಂದು ತುದಿಯನ್ನು ಅವಳ ಕೈಗೆ ಕೊಟ್ಟು, ಇನ್ನೊಂದನ್ನು ಹಿಡಿದು ಬೀದಿಯಂಚಿನವರೆಗೆ ನಡೆದ. ಅವಳು ಗೋಡೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ನೂಲನ್ನು ನೆಲಕ್ಕೆ ಒತ್ತಿ ಹಿಡಿದಳು.

"ಸಡಿಲ ಬಿಡಬೇಡಿ ಅತ್ತಿಗೆ."

"ನೀನು ಎಳಿ, ನಾನು ಬಿಡೋಳಲ್ಲ."