ಬ್ರೇಕ್ ಇಲ್ಲದ ಎಡಗಡೆ ಸೀಟು

ಮೊನ್ನೆ ಬೆಳಗ್ಗೆ ಹನುಮಂತನಗರದ ಏರಿನಲ್ಲಿ ಟ್ರಾಫಿಕ್ ನಿಂತುಬಿಟ್ಟಿತ್ತು. ನನ್ನ ಮುಂದೆ ಎಲ್ ಬೋರ್ಡಿನ ಒಂದು ಪುಟ್ಟ ಕಾರು. ಸ್ವಲ್ಪ ಮುಂದೆ ಹೋಗುವುದು, ಅಷ್ಟೇ ಹಿಂದೆ ಜಾರುವುದು, ಒಮ್ಮೆ ಜಗ್ಗಿ ಆಫ್ ಆಗುವುದು. ಹಿಂದಿನವರೆಲ್ಲ ಹಾರ್ನ್ ಹೊಡೆಯುತ್ತಿದ್ದರು. ಅಷ್ಟರಲ್ಲಿ ಕಿಟಕಿಯಿಂದ ಕ್ಲಚ್ ಸುಟ್ಟ ವಾಸನೆ ಒಳಗೆ ಬಂತು. ಬೇರೆಯವರು ಮೂಗು ಮುಚ್ಚಿಕೊಳ್ಳುವ ವಾಸನೆ ಅದು. ನನಗೆ ಮಾತ್ರ ಖುಷಿಯಾಯಿತು. ಇದೇ ಏರಿನಲ್ಲಿ ಇದೇ ವಾಸನೆಯನ್ನು ನಾನು ಎಷ್ಟು ಸಲ ಎಬ್ಬಿಸಿದ್ದೆನೋ... ಪಕ್ಕದ ಸೀಟಿನಲ್ಲಿ ನಮ್ಮ ಡ್ರೈವಿಂಗ್ ಮೇಷ್ಟ್ರು ಕೂತಿರುತ್ತಿದ್ದರು.

ನಾನು ಕಾರು ಕಲಿಯಲು ಹೊರಟಾಗ ಐವತ್ತು ದಾಟಿತ್ತು. ಜಯನಗರದ ನಮ್ಮ ಬೀದಿಯಲ್ಲಿ ಅದೊಂದು ತಮಾಷೆಯ ವಿಷಯವಾಗಿತ್ತು. ಬೆಳಗ್ಗೆ ವಾಕಿಂಗ್ ಹೋಗುವವರು ನನ್ನ ಕಾರು ಬರುವುದನ್ನು ಕಂಡರೆ ಫುಟ್‌ಪಾತ್ ಹತ್ತಿ ಮರದ ಹಿಂದೆ ನಿಲ್ಲುತ್ತಿದ್ದರು. ನಮ್ಮ ಯಜಮಾನರಂತೂ, "ನೀನು ಕಲಿತ್ಕೋ, ನಾನು ಮನೇಲಿ ಇರ್ತೀನಿ. ಇಬ್ಬರಲ್ಲಿ ಒಬ್ಬರಾದ್ರೂ ಉಳೀಬೇಕಲ್ಲ" ಎಂದು ಪೇಪರ್ ಹಿಂದೆ ನಗುತ್ತಿದ್ದರು. ನಾನು ಹಟಮಾರಿ. ನಕ್ಕವರ ಮುಂದೆಯೇ ಓಡಿಸಿ ತೋರಿಸುತ್ತೇನೆ ಎಂದು ದಿನಾ ಹೋದೆ.

ಮೇಷ್ಟ್ರು ಮಾತ್ರ ಯಾವತ್ತೂ ನಗಲಿಲ್ಲ. ಬಿಳಿ ಅರ್ಧ ತೋಳಿನ ಶರ್ಟು, ಜೇಬಿನಲ್ಲಿ ಕನ್ನಡಕದ ಡಬ್ಬಿ, ಕಾಲಿಗೆ ತೆಳು ಅಟ್ಟೆಯ ಚಪ್ಪಲಿ. ದಪ್ಪ ಅಟ್ಟೆಯಾದರೆ ಪೆಡಲ್ ತಿಳಿಯುವುದಿಲ್ಲವಂತೆ. ಡ್ರೈವಿಂಗ್ ಸ್ಕೂಲಿನ ಕಾರುಗಳಲ್ಲಿ ಎಡಗಡೆಗೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತದಲ್ಲ, ಅವುಗಳ ಮೇಲೆ ಅವರ ಕಾಲು ಸದಾ ಇರುತ್ತಿತ್ತು. ಎಷ್ಟೋ ದಿನ ನಾನೇ ಓಡಿಸಿದೆ ಎಂದು ಬೀಗಿದ್ದೇನೆ. ನಿಜವಾಗಿ ಓಡಿಸಿದ್ದು ಆ ಚಪ್ಪಲಿಗಳು. "ಮೇಡಂ, ಕ್ಲಚ್ ಮೇಲಿಂದ ಕಾಲು ತೆಗೀರಿ" ಎನ್ನುವುದು ಅವರು ನನಗೆ ಅತಿ ಹೆಚ್ಚು ಸಲ ಹೇಳಿದ ಮಾತು.

ಅವರ ಪಾಠದ ಕಿರೀಟವೆಂದರೆ ಘಾಟಿ. ಹನುಮಂತನಗರದ ಏರು ಬಂದ ಕೂಡಲೇ ಅವರ ದನಿಯೇ ಬದಲಾಗುತ್ತಿತ್ತು. "ಇದು ಹನುಮಂತನಗರ ಅಲ್ಲ ಮೇಡಂ, ಚಾರ್ಮಾಡಿ ಘಾಟಿ ಅಂದ್ಕೊಳ್ಳಿ. ಮುಂದೆ ತಿರುವು. ಎಡಗಡೆ ಪ್ರಪಾತ. ಹಾರ್ನ್ ಹೊಡೀರಿ, ಮೇಲಿಂದ ಲಾರಿ ಬರ್ತಿದೆ." ಎಡಗಡೆ ಇದ್ದದ್ದು ಚರಂಡಿ, ಮೇಲಿಂದ ಬರುತ್ತಿದ್ದದ್ದು ಒಂದು ಹಸು. ಆದರೂ ನಾನು ಹಾರ್ನ್ ಹೊಡೆಯುತ್ತಿದ್ದೆ. ಹತ್ತುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕು, ಯಾವ ಗೇರಿನಲ್ಲಿ ಹತ್ತುತ್ತೀವೋ ಅದೇ ಗೇರಿನಲ್ಲಿ ಇಳಿಯಬೇಕು, ಮಂಜು ಬಂದರೆ ಬಿಳಿ ಗೆರೆ ನೋಡಿಕೊಂಡು ಹೋಗಬೇಕು... ಅವರು ಹೇಳುವುದನ್ನು ಕೇಳಿದರೆ ವಾರಕ್ಕೊಮ್ಮೆ ಘಾಟಿ ಇಳಿದು ಬರುವವರ ಹಾಗೆ ಕಾಣುತ್ತಿತ್ತು. ನಾವು ಕಲಿಯುವವರೆಲ್ಲ ಹಾಗೇ ನಂಬಿದ್ದೆವು.

ಲೈಸೆನ್ಸ್ ಬಂತು. ಒಂದು ಹಳೇ ಕಾರೂ ಬಂತು. ನಾನು ಬನಶಂಕರಿ, ಜೆ.ಪಿ. ನಗರ ಎಂದು ಸುತ್ತತೊಡಗಿದೆ. ಅಷ್ಟು ಹೊತ್ತಿಗೆ ಮೇಷ್ಟ್ರು ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿ ಕೆಲಸ ಬಿಟ್ಟು ಚಿಕ್ಕಲಸಂದ್ರದ ಮನೆಯಲ್ಲಿದ್ದರು. ಆಗಾಗ ಹೋಗಿ ಮಾತಾಡಿಸಿ ಬರುತ್ತಿದ್ದೆ. ಹೋದಾಗಲೆಲ್ಲ ನನ್ನದು ಒಂದೇ ಬೇಡಿಕೆ. ಒಂದು ಸಲ ಚಾರ್ಮಾಡಿಗೆ ಹೋಗೋಣ, ನೀವು ಪಕ್ಕದಲ್ಲಿ ಕೂತರೆ ಸಾಕು, ಧೈರ್ಯ ಬರುತ್ತದೆ ಎನ್ನುತ್ತಿದ್ದೆ. ಮಳೆಗಾಲದಲ್ಲಿ ಕೇಳಿದರೆ ಗುಡ್ಡ ಕುಸಿಯುತ್ತೆ ಮೇಡಂ ಎಂದರು. ಚಳಿಗಾಲದಲ್ಲಿ ಮಂಜು ಎಂದರು. ಬೇಸಿಗೆಯಲ್ಲಿ ಕೇಳಿದಾಗ ಇಂಜಿನ್ ಬಿಸಿಯಾಗುತ್ತೆ ಎಂದರು.

ಕಾಫಿ ತಂದಿಟ್ಟ ಅವರ ಹೆಂಡತಿಗೆ ಆ ದಿನ ತಡೆಯಲಾಗಲಿಲ್ಲ. "ಏನ್ ಮಳೆ, ಏನ್ ಮಂಜು. ಇವರು ಯಾವ ಘಾಟಿನೂ ನೋಡಿಲ್ಲಮ್ಮ. ರಾಮನಗರ ದಾಟಿದ್ರೆ ಹೆಚ್ಚು" ಎಂದುಬಿಟ್ಟರು.

ಮೇಷ್ಟ್ರು ಕಾಫಿ ಲೋಟದೊಳಗೆ ನೋಡುತ್ತ ಕೂತರು. ನನಗೆ ನಗು ತಡೆಯುವುದು ಕಷ್ಟವಾಯಿತು. ನಮ್ಮ ಘಾಟಿಯ ಪಾಠಗಳೆಲ್ಲ ಸ್ಕೂಲಿನ ಪಕ್ಕದ ಟೀ ಅಂಗಡಿಗೆ ಬರುತ್ತಿದ್ದ ಒಬ್ಬ ಲಾರಿ ಡ್ರೈವರ್‌ನಿಂದ ಕೇಳಿಸಿಕೊಂಡದ್ದಂತೆ. "ಕಾಲ್ ಕೆಳಗೆ ಬ್ರೇಕ್ ಇಲ್ದಿರೋ ಗಾಡೀಲಿ ನಂಗೆ ಕೂರಕ್ಕಾಗಲ್ಲ ಮೇಡಂ" ಎಂದರು ಮೇಷ್ಟ್ರು ಮೆಲ್ಲಗೆ. "ಬೇರೆಯವರು ಓಡಿಸ್ತಿದ್ರೆ ಪ್ರಾಣ ಕೈಲಿ ಹಿಡ್ಕೊಂಡಿರ್ತೀನಿ." ತಮ್ಮನ ಮಗನ ಮದುವೆಯ ಬಸ್ಸಿನಿಂದ ಬಿಡದಿಯಲ್ಲೇ ಇಳಿದು ವಾಪಸ್ ಬಂದಿದ್ದರಂತೆ. ಊರಿಗೆಲ್ಲ ಧೈರ್ಯ ಹೇಳಿಕೊಟ್ಟ ಮನುಷ್ಯ!

ನಗುತ್ತಿದ್ದವಳು ಅವರ ಹೆಂಡತಿಯ ಮುಖ ನೋಡಿ ಸುಮ್ಮನಾದೆ. ಚಾರ್ಮಾಡಿ ಇಳಿದರೆ ಸಿಗುವ ಧರ್ಮಸ್ಥಳಕ್ಕೆ ಆಕೆ ಹೋಗಿದ್ದು ಬರೀ ಅಕ್ಕಪಕ್ಕದ ಹೆಂಗಸರ ಜೊತೆ, ರಾತ್ರಿ ಬಸ್ಸಿನಲ್ಲಿ. ಘಾಟಿ ಬಂದಾಗ ಹೊರಗೆಲ್ಲ ಕತ್ತಲು. "ಒಂದ್ಸಲ ಹಗಲು ಹೊತ್ತಲ್ಲಿ ಇವರ ಜೊತೆ ಆ ದಾರೀಲಿ ಹೋಗ್ಬೇಕು ಅಂತ ಆಸೆ ಇತ್ತು. ಇವರ ಕಣ್ಣು ಪೂರ್ತಿ ಹೋಗೋಕೆ ಮುಂಚೆ" ಎಂದರು. ಆಮೇಲೆ ನಾನು ಬಿಡಲಿಲ್ಲ. "ನನ್ನ ಮೇಲೆ ನಂಬಿಕೆ ಇಲ್ದಿದ್ರೆ ಲೈಸೆನ್ಸ್ ಯಾಕೆ ಕೊಡಿಸಿದ್ರಿ ಮೇಷ್ಟ್ರೇ?" ಎಂದು ಕೇಳಿದೆ. ಮಳೆ ಮುಗೀಲಿ ಮೇಡಂ ಎಂದರು.

ಮಳೆ ಮುಗಿದ ಮೇಲೆ ಒಂದು ಬೆಳಗಿನ ಜಾವ ಹೊರಟೆವು. ಅವರು ನನ್ನ ಎಡಕ್ಕೆ, ಹೆಂಡತಿ ಹಿಂದಿನ ಸೀಟಿನಲ್ಲಿ ಚಕ್ಕುಲಿ ಡಬ್ಬದ ಜೊತೆ. ಹಾಸನ, ಬೇಲೂರು, ಮೂಡಿಗೆರೆ... ದಾರಿಯುದ್ದಕ್ಕೂ ಮೇಷ್ಟ್ರು ಬರೀ ನೆಲವನ್ನು ತುಳಿಯುತ್ತಿದ್ದರು. ನಾನು ಬ್ರೇಕ್ ಒತ್ತಿದಾಗ ಅವರೂ ಒತ್ತುತ್ತಿದ್ದರು. ನಾನು ಒತ್ತದಿದ್ದಾಗ ಇನ್ನೂ ಜೋರಾಗಿ ಒತ್ತುತ್ತಿದ್ದರು. ಕಾಲಡಿಯ ಮ್ಯಾಟ್ ಮುದುಡಿ ಮೂಲೆ ಸೇರಿತ್ತು.

ಕೊಟ್ಟಿಗೆಹಾರ ದಾಟಿ ಇಳಿಜಾರು ಶುರುವಾಯಿತು. ಒಂದು ಕಡೆ ನೀರು ಜಿನುಗುವ ಬಂಡೆ, ಇನ್ನೊಂದು ಕಡೆ ಮೋಟು ತಡೆಗೋಡೆ, ಅದರಾಚೆ ಏನೂ ಇಲ್ಲ. ಎರಡನೇ ಗೇರಿನಲ್ಲಿ ಇಳಿಯುತ್ತಿದ್ದೆ. ಒಂದು ತಿರುವಿನಲ್ಲಿ ಕೆಳಗಿನಿಂದ ದೊಡ್ಡ ಬಸ್ಸೊಂದು ರಸ್ತೆ ತುಂಬ ಹತ್ತಿಕೊಂಡು ಬಂತು. ಹತ್ತುವ ಗಾಡಿಗೆ ದಾರಿ ಬಿಡಬೇಕೆಂದು ನಾನು ಎಡಕ್ಕೆ ತೆಗೆದುಕೊಳ್ಳುವಷ್ಟರಲ್ಲಿ ಮೇಷ್ಟ್ರ ಕೈ ಹ್ಯಾಂಡ್‌ಬ್ರೇಕಿಗೆ ಹೋಯಿತು. ಆ ಕಾರಿನಲ್ಲಿ ಅವರಿಗೆ ಎಟುಕುತ್ತಿದ್ದ ಬ್ರೇಕು ಅದೊಂದೇ. ಕಾರು ಎಳೆದಂತಾಗಿ ಹಿಂದಿನ ಚಕ್ರ ಜಾರಿತು. ಬಸ್ಸು ಕನ್ನಡಿ ಸವರುವಷ್ಟು ಹತ್ತಿರದಲ್ಲಿ ಹಾದುಹೋಯಿತು.

ಸ್ವಲ್ಪ ಅಗಲವಿದ್ದ ಕಡೆ ಕಾರು ನಿಲ್ಲಿಸಿದೆ. ನನಗೆ ಸಿಟ್ಟು ಬಂದಿತ್ತು. "ಇಬ್ಬರು ಓಡಿಸಿದ್ರೆ ಈ ಕಾರು ಕೆಳಗೆ ತಲುಪಲ್ಲ ಮೇಷ್ಟ್ರೇ. ನೀವಾದ್ರೂ ಓಡಿಸಿ, ಇಲ್ಲ ನನಗಾದ್ರೂ ಬಿಡಿ. ಕೈ ತೆಗೀರಿ. ಕಾಲೂ ತೆಗೀರಿ."

ಹಿಂದೆ ಚಕ್ಕುಲಿ ಮುರಿಯುವ ಸದ್ದು ನಿಂತಿತು. ಗುರುವಿಗೆ ಎದುರು ಮಾತಾಡಿದೆನಲ್ಲ ಎಂದು ನನಗೆ ಅಷ್ಟರಲ್ಲಿ ಕಸಿವಿಸಿಯಾಗಿತ್ತು. ಮೇಷ್ಟ್ರು ನಿಧಾನವಾಗಿ ಚಪ್ಪಲಿ ಬಿಟ್ಟು, ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿ, ಊಟಕ್ಕೆ ಕೂತವರ ಹಾಗೆ ಚಕ್ಕಳಮಕ್ಕಳ ಹಾಕಿ ಕೂತರು. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡರು. "ಸರಿ ಮೇಡಂ, ಹೊರಡಿ" ಎಂದರು.

ಆಮೇಲಿನ ತಿರುವುಗಳಲ್ಲಿ ಅವರು ರಸ್ತೆ ನೋಡಲಿಲ್ಲ. ಮೊದಮೊದಲು ಕಣ್ಣು ಮುಚ್ಚಿಕೊಂಡಿದ್ದರು ಎಂದು ನನ್ನ ಗುಮಾನಿ. ಆಮೇಲೆ ಯಾವಾಗಲೋ ಕಿಟಕಿಯ ಕಡೆ ತಿರುಗಿದರು. ಬೆಟ್ಟದ ಮೇಲಿಂದ ತೆಳ್ಳಗೆ ಇಳಿಯುವ ನೀರು, ಕೆಳಗೆ ಮುಗಿಯದ ಹಸಿರು, ನಾವು ಇಳಿದು ಬಂದ ರಸ್ತೆಯೇ ತಲೆಯ ಮೇಲೆ... ಆ ಮಂಜುಗಣ್ಣಿಗೆ ಎಷ್ಟು ಕಂಡಿತೋ ಗೊತ್ತಿಲ್ಲ. ಹೆಂಡತಿ ಹಿಂದಿನಿಂದ ಭುಜ ತಟ್ಟಿ, "ರೀ, ಅಲ್ಲಿ ನೋಡಿ, ಅಲ್ಲಿ" ಎಂದು ಒಂದೊಂದನ್ನೂ ತೋರಿಸುತ್ತಿದ್ದರು. ಬಹಳ ಹೊತ್ತಾದ ಮೇಲೆ ಮೇಷ್ಟ್ರು, "ನಾನು ಹೇಳ್ತಿದ್ದದ್ದು ಕಮ್ಮಿ ಆಯ್ತು ಮೇಡಂ" ಎಂದರು. ಅಷ್ಟು ಸಂತೋಷದಲ್ಲಿ ನಾನು ಯಾವತ್ತೂ ಕಾರು ಓಡಿಸಿರಲಿಲ್ಲ.

ಧರ್ಮಸ್ಥಳದಲ್ಲಿ ದರ್ಶನ ಮುಗಿಸಿ ಮಾರನೇ ದಿನ ವಾಪಸ್ ಹೊರಟಾಗ ಅವರೇ ಹಿಂದಿನ ಬಾಗಿಲು ತೆಗೆದು ಹೆಂಡತಿಯ ಪಕ್ಕ ಕೂತರು. ಮುಂದೆ ಬನ್ನಿ ಎಂದರೆ, "ಅಲ್ಲಿ ನನಗೇನ್ ಕೆಲಸ?" ಎಂದರು. ಘಾಟಿಯ ಮೂರು ತಿರುವು ಹತ್ತಿ ಕನ್ನಡಿಯಲ್ಲಿ ನೋಡುತ್ತೇನೆ, ಮೇಷ್ಟ್ರು ಬಾಯಿ ತೆರೆದು ನಿದ್ದೆ ಹೋಗಿದ್ದಾರೆ. ತಲೆ ಹೆಂಡತಿಯ ಭುಜದ ಮೇಲಿತ್ತು. ಕೊಟ್ಟಿಗೆಹಾರದಲ್ಲಿ ಕಾಫಿಗೆ ನಿಲ್ಲಿಸಲಾ ಅಕ್ಕ ಎಂದು ಅವರ ಹೆಂಡತಿಯನ್ನು ಕೇಳಿದೆ. "ಬೇಡಮ್ಮ" ಎಂದು ಆಕೆ ಪಿಸುಗುಟ್ಟಿದರು, "ಗಾಡೀಲಿ ಇವರು ನಿದ್ದೆ ಮಾಡಿದ್ದು ನಾನು ನೋಡೇ ಇಲ್ಲ. ಹಾಗೇ ಓಡ್ಸಿ."

ಹಾಗೇ ಓಡಿಸಿದೆ. ಆರ್‌ಟಿಒ ಕೊಟ್ಟ ಲೈಸೆನ್ಸ್ ಕಾಗದದ್ದು. ನನಗೆ ನಿಜವಾಗಿ ಲೈಸೆನ್ಸ್ ಸಿಕ್ಕಿದ್ದು ಆ ಮಧ್ಯಾಹ್ನ.

ಮೇಷ್ಟ್ರು ಹೋಗಿ ಈಗ ಕೆಲವು ವರ್ಷಗಳಾದವು. ಅವರಿಲ್ಲ ಎನ್ನುವುದು ಇವತ್ತಿಗೂ ಬೇಜಾರಿನ ಸಂಗತಿಯೇ. ವರ್ಷಕ್ಕೊಮ್ಮೆ ಅಕ್ಕನೂ ನಾನೂ ಆ ಘಾಟಿಗೆ ಹೋಗಿ ಬರುತ್ತೇವೆ. ಈಗ ಆಕೆ ಮುಂದೆ ನನ್ನ ಪಕ್ಕ ಕೂರುತ್ತಾರೆ, ಹಿಂದಿನ ಸೀಟು ಖಾಲಿ. ಹಿಂದೆ ಬಂದವರು ಎಷ್ಟೇ ಹಾರ್ನ್ ಹೊಡೆಯಲಿ, ಆ ತಿರುವುಗಳನ್ನು ನಾನು ಮೆಲ್ಲಗೇ ಹತ್ತುತ್ತೇನೆ. ಮೇಷ್ಟ್ರಿಗೆ ಎಚ್ಚರವಾಗಬಾರದು.