ಸತ್ಯವ್ವ ಇಳಿಸಿದ ಅಂಬಾಸಿಡರು

ಗೋವಾದ ಉಸಗಾಂವದಲ್ಲಿ ತಿಸ್ಕ ನಾಕಾ ದಾಟಿ ಸ್ವಲ್ಪ ಮುಂದೆ ಹೋದರೆ ರಸ್ತೆಯ ಎಡಕ್ಕೆ, ಗೇರುಮರದ ಕೆಳಗೆ, ಒಂದು ತಗಡಿನ ಶೆಡ್ಡು. ಮೇಲೆ ‘ಕಂಠೆಪ್ಪ ಪಾಟಾ ವರ್ಕ್ಸ್’ ಎಂಬ ಬೋರ್ಡು. ಲಾರಿಯ ಗಾಲಿಗಳ ಒಳಮಗ್ಗುಲಲ್ಲಿ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಕೆಳಗೊಂದು ಜೋಡಿಸಿ ಬಿಗಿದಿರುತ್ತಾರಲ್ಲ, ಅದೇ ಪಾಟಾ. ಗಾಡಿಯ ಭಾರವನ್ನೆಲ್ಲ ಹೊರುವುದು ಅದು. ಅದು ಮುರಿದ ದಿನ ಗಾಡಿಯವರು ಕಂಠೆಪ್ಪನನ್ನು ಹುಡುಕಿಕೊಂಡು ಬರುತ್ತಿದ್ದರು. ಬಂದವರು ಮೊದಲು ನೋಡುತ್ತಿದ್ದದ್ದು ಮಾತ್ರ ಅವನ ಹೆಂಡತಿ ಸತ್ಯವ್ವನನ್ನು.

ಸಿಂದಗಿ ಕಡೆಯ ಕಂಬಾರರ ಮಗಳು ಸತ್ಯವ್ವ. ಹತ್ತೊಂಬತ್ತನೇ ವಯಸ್ಸಿಗೆ ಮದುವೆಯಾಗಿ ಗೋವಾಕ್ಕೆ ಬಂದಾಗ ಗಂಡನ ಕುಲುಮೆಯಲ್ಲಿ ಸಮ್ಮಟಿಗೆ ಹೊಡೆಯಲು ಒಬ್ಬ ಆಳಿದ್ದ. ಮೂರನೇ ತಿಂಗಳಿಗೆ ಅವನು ಗಣಿಯ ಕೆಲಸ ಹಿಡಿದು ಹೋದ. ಆವತ್ತು ಕೆಂಪಗೆ ಕಾದ ಪಟ್ಟಿಯನ್ನು ಇಕ್ಕಳದಲ್ಲಿ ಹಿಡಿದು ಕಂಠೆಪ್ಪ ಆಚೆ ಈಚೆ ನೋಡುತ್ತಿದ್ದಾಗ, ಸತ್ಯವ್ವ ಸೆರಗು ಸಿಕ್ಕಿಸಿ ಸಮ್ಮಟಿಗೆ ಎತ್ತಿದಳು. ತವರಿನಲ್ಲಿ ಅವಳ ಅವ್ವನೂ ಹೊಡೆಯುತ್ತಿದ್ದಳು, ಆದ್ದರಿಂದ ಅದರಲ್ಲಿ ವಿಶೇಷವೇನೂ ಅವಳಿಗೆ ಕಾಣಲಿಲ್ಲ. ಗಂಡ ಸಣ್ಣ ಸುತ್ತಿಗೆಯಿಂದ ತಟ್ಟಿ ಜಾಗ ತೋರಿಸುವುದು, ಅವಳು ಅಲ್ಲಿ ಹೊಡೆಯುವುದು. ಹಾಗೆ ಮೂವತ್ತೇಳು ವರ್ಷ ಕಳೆದವು.

ಆ ವರ್ಷಗಳಲ್ಲಿ ಅವರು ಮಾಡಿದ್ದು ಬಹುಮಟ್ಟಿಗೆ ಏರಿಸುವ ಕೆಲಸ. ಅದಿರು ಹೆಚ್ಚು ತುಂಬಬೇಕು ಎಂದು ಲಾರಿಯವರು ಬರುವರು, ಇವರು ಇನ್ನೆರಡು ಪಟ್ಟಿ ಸೇರಿಸಿ ಗಾಡಿ ಎತ್ತಿ ಕೊಡುವರು. ಗಣಿ ನಿಂತ ಮೇಲೆ ಲಾರಿಗಳು ಕಡಿಮೆಯಾದವು. ಮುರಿದ ಪಟ್ಟಿಗಳಿಂದ ಕುಡಗೋಲು, ಕೊಯ್ತಾ, ಕೊಂಕಣಿ ಹೆಂಗಸರು ಕೂತು ಮೀನು ಹೆಚ್ಚುವ, ಕಾಯಿ ತುರಿಯುವ ಆದೋಳಿ, ಇವನ್ನೆಲ್ಲ ಮಾಡಿ ಮಾರಿದರು. ಪಾಟಾದ ಉಕ್ಕಿನ ಆದೋಳಿ ಎಂದರೆ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ ಎಂಬ ಹೆಸರು ಬಿತ್ತು. ಈಚೆಗೆ ಎರಡು ವರ್ಷದಿಂದ ಕಂಠೆಪ್ಪನ ಕಣ್ಣಿನಲ್ಲಿ ಪೊರೆ ಬರತೊಡಗಿತ್ತು. ಕಬ್ಬಿಣ ಎಷ್ಟು ಕಾದಿದೆ ಎಂಬುದು ಬಣ್ಣದಿಂದಲೇ ತಿಳಿಯಬೇಕು. ಅವನು ಹೆಂಡತಿಯನ್ನು ಕೇಳುತ್ತಿರಲಿಲ್ಲ, ಅವಳೂ ಹೇಳುತ್ತಿರಲಿಲ್ಲ. ಬಣ್ಣ ಸರಿಯಾದಾಗ ಅವಳು ಸುಮ್ಮನೆ ಸಮ್ಮಟಿಗೆ ಎತ್ತುವಳು, ಅವನು ಪಟ್ಟಿ ಹೊರಗೆಳೆಯುವನು.

ಕಳೆದ ನವೆಂಬರಿನ ಒಂದು ಬೆಳಿಗ್ಗೆ ಶೆಡ್ಡಿನ ಮುಂದೆ ಕೆನೆಬಣ್ಣದ ಹಳೇ ಅಂಬಾಸಿಡರು ಬಂದು ನಿಂತಿತು. ಅದರ ಹಿಂಭಾಗ ಹುಂಜದ ಬಾಲದಂತೆ ಮೇಲಕ್ಕೆದ್ದಿತ್ತು. ಇಪ್ಪತ್ತಾರರ ಹುಡುಗಿಯೊಬ್ಬಳು ಅದರಿಂದ ಇಳಿದಳು. ಕಾರಿನ ಬೆನ್ನಿಗೇ ಬಂದ ಆಟೋದಿಂದ, ಇಳಕಲ್ ಸೀರೆ ಉಟ್ಟ ವಯಸ್ಸಾದ ಹೆಂಗಸೊಬ್ಬರು ಕೋಲು ಊರಿ ನಿಧಾನವಾಗಿ ಕೆಳಗಿಳಿದರು.

ಕಂಠೆಪ್ಪ ಕಾರನ್ನು ಒಂದು ಸುತ್ತು ಹಾಕಿ, ಕೆಳಗೆ ಬಗ್ಗಿ, ಪಾಟಾದ ಮೇಲೆ ಬೆರಳಾಡಿಸಿದ. “ಇದು ಫೋಂಡಾದ ಸಿದ್ರಾಮಪ್ಪ ಸಾವಕಾರ್ರ ಗಾಡಿ. ಈ ಪಾಟಾ ಏರಿಸಿದಾಂವ ನಾನ.”

“ಹೌದಪಾ, ನೀನ ಏರಿಸಿದಿ,” ಎಂದರು ಆ ಹೆಂಗಸು. “ಈಗ ಇಳಸಬೇಕು.”

ಅವರು ಸಿದ್ರಾಮಪ್ಪನವರ ಪತ್ನಿ ನೀಲಗಂಗಾ. ಬೆಳಗಾವಿ ಕಡೆಯವರು. ಫೋಂಡಾ ಪೇಟೆಯಲ್ಲಿ ಮೆಣಸಿನಕಾಯಿ, ಬೆಲ್ಲದ ಅಂಗಡಿ. ಇಪ್ಪತ್ತೇಳು ವರ್ಷದ ಹಿಂದೆ ಸಿದ್ರಾಮಪ್ಪನವರು ಚೋರ್ಲಾ ಘಾಟಿನಲ್ಲಿ ಮೆಣಸಿನಕಾಯಿ ಚೀಲ ತುಂಬಿಕೊಂಡು ಬರಲಿಕ್ಕೆಂದು ಈ ಕಾರನ್ನು ಏರಿಸಿದ್ದರು. ಅವರು ತೀರಿಕೊಂಡು ಆರು ವರ್ಷವಾಗಿತ್ತು. ಅಂಗಡಿಯನ್ನು ಈಗ ಮೊಮ್ಮಗಳು ಸ್ನೇಹಲ್ ನೋಡಿಕೊಳ್ಳುತ್ತಿದ್ದಳು, ಕಾರನ್ನೂ ಅವಳೇ ಓಡಿಸುತ್ತಿದ್ದಳು. ಚೀಲ ಹೊರುವ ಕೆಲಸ ಕಾರಿಗೆ ಉಳಿದಿರಲಿಲ್ಲ.

“ಕಾಕಾ, ಹದಿನೈದು ದಿನಕ್ಕ ನನ್ನ ನಿಶ್ಚಯ ಐತ್ರಿ, ಕೆಪೆ ಊರಾಗ, ಬೀಗರ ಮನ್ಯಾಗ,” ಎಂದಳು ಸ್ನೇಹಲ್. “ಅಜ್ಜಿಗೆ ಸೊಂಟದ ಆಪರೇಶನ್ ಆಗೈತಿ. ಇಷ್ಟ ಎತ್ತರ ಕಾಲು ಎತ್ತಾಕ ಬರೂದಿಲ್ಲ. ನಿಶ್ಚಯಕ್ಕ ಬ್ಯಾರೆ ಗಾಡ್ಯಾಗ ಬಾ ಅಂದ್ರ ಒಲ್ಲೆ ಅಂತಾಳ. ಮಣಿ ಇಡ್ತೀನಿ, ಅದರ ಮ್ಯಾಲ ಕಾಲಿಟ್ಟು ಹತ್ತು ಅಂದ್ರೂ ಒಲ್ಲೆ ಅಂತಾಳ.”

“ಬೀಗರ ಮನಿ ಮುಂದ ಮಣಿ ಇಟಗೊಂಡು ಇಳೀಲೇನ?” ಎಂದರು ನೀಲಗಂಗಾ.

ಕಂಠೆಪ್ಪ ತಲೆ ಅಲ್ಲಾಡಿಸಿದ. “ಅವ್ವಾರ, ಏರಸೂದು ನಮ್ಮ ಕೆಲಸ. ಇಳಸೂದಂದ್ರ ಗಾಡಿ ಕೆಡಸೂದು. ಕುಂಡಿ ನೆಲಕ್ಕ ಬಡೀತದ. ನಾ ಮಾಡಿದ್ದ ಕೆಲಸಾನ ನಾನ ಕೆಡಸೂದಿಲ್ರಿ.”

ಅಷ್ಟು ಹೊತ್ತೂ ಸತ್ಯವ್ವನ ಕಣ್ಣು ನೀಲಗಂಗಾ ಅವರ ಕಾಲಿನ ಮೇಲಿತ್ತು. ಎದ್ದು ಬಂದು, “ಅವ್ವಾರ, ಈ ಕಂಬ ಹಿಡೀರಿ. ಎಡಗಾಲು ಎಷ್ಟು ಎತ್ತಾಕ ಬರ್ತದೋ ಅಷ್ಟು ಎತ್ತರಿ. ನೋವಾದ್ರ ಬಿಡ್ರಿ,” ಎಂದಳು. ಅವರು ಎತ್ತಿದರು. ಸತ್ಯವ್ವ ಕುಕ್ಕರುಗಾಲಿನಲ್ಲಿ ಕೂತು, ಅವರ ಅಂಗಾಲಿನ ಮಟ್ಟಕ್ಕೆ ಕಂಬದ ಮೇಲೆ ಸೀಮೆಸುಣ್ಣದ ಗೆರೆ ಎಳೆದಳು. ಆಮೇಲೆ ಕಾರಿನ ಬಾಗಿಲ ಹೊಸ್ತಿಲು ಅಳೆದಳು.

“ಮೂರು ಇಂಚು ಇಳದ್ರ ಸಾಕ್ರಿ,” ಎಂದಳು. “ಗಾಡಿ ಬಿಟ್ಟು ಹೋಗ್ರಿ.”

ಕಂಠೆಪ್ಪ ಅವಳನ್ನು ನೋಡಿದ. ಮೂವತ್ತೇಳು ವರ್ಷದಲ್ಲಿ ಗಿರಾಕಿಗೆ ಹೂಂ ಎನ್ನುವುದು, ಉಹೂಂ ಎನ್ನುವುದು ಅವನ ಪಾಲಿನದಾಗಿತ್ತು. ಅವನು ಚಹಾ ಕುಡಿಯಲು ನಾಕಾಕ್ಕೆ ಹೋದ.

ಮೊದಲ ದಿನದ ಕೆಲಸ ಸುಲಭ. ಹಿಂಭಾಗವನ್ನು ಜಾಕಿಯ ಮೇಲೆ ಎತ್ತಿ, ಎರಡೂ ಕಡೆ ಪಾಟಾ ಬಿಚ್ಚಿ, ಆವತ್ತು ಸೇರಿಸಿದ್ದ ಎರಡೆರಡು ಪಟ್ಟಿ ತೆಗೆದಳು. ಭಾರ ಎತ್ತುವಲ್ಲಿ ಕಂಠೆಪ್ಪ ಕೈಕೊಟ್ಟ, ಮಾತು ಮಾತ್ರ ಕೊಡಲಿಲ್ಲ. ಮತ್ತೆ ಕಟ್ಟಿ ಇಳಿಸಿದಾಗ ಕಾರು ಒಂದೂವರೆ ಇಂಚು ಕೆಳಗೆ ಬಂದಿತ್ತು. ಇನ್ನು ಒಂದೂವರೆ ಬೇಕು.

“ಇನ್ನೊಂದು ಪಟ್ಟಿ ತಗಿ ಮತ್ತ,” ಎಂದ ಕಂಠೆಪ್ಪ.

“ತಗದ್ರ ಸೊರಗ್ತದ್ರಿ. ನಾಕು ಮಂದಿ ಕುಂತ್ರ ತಳಕ್ಕ ಬಡೀತದ.”

ಎರಡನೇ ದಿನ ಅವಳು ಪಟ್ಟಿಗಳ ಬಾಗು ತಗ್ಗಿಸಲು ನೋಡಿದಳು. ಕಾಸಲಿಲ್ಲ. ಕಾಸಿದರೆ ಉಕ್ಕಿನ ಕಸುವು ಹೋಗುತ್ತದೆ. ತಣ್ಣಗಿದ್ದ ಪಟ್ಟಿಯನ್ನೇ ಅಡಿಗಲ್ಲಿನ ಮೇಲೆ ಬೋರಲಾಗಿ ಇಟ್ಟು, ಬೆರಳು ಬೆರಳು ಅಂತರಕ್ಕೆ ಒಂದೊಂದು ಪೆಟ್ಟು ಕೊಟ್ಟು ಮಟ್ಟಸ ಮಾಡುತ್ತ ಬಂದಳು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಪಟ್ಟಿಗಳೂ ಬೇಕಾದಷ್ಟು ಸಪಾಟಾಗಿ ನಿಂತವು. ಕಟ್ಟಿ ಇಳಿಸಿದಾಗ ಅಳತೆ ಸರಿಯಾಗಿ ಮೂರು ಇಂಚು. ಸತ್ಯವ್ವನ ಮುಖ ಅರಳಿತು. ಕಂಠೆಪ್ಪ ಕಾರು ಹತ್ತಿ ರಸ್ತೆಯ ಉಬ್ಬಿನ ಮೇಲೆ ಒಂದು ಸಲ ಹಾಯಿಸಿಕೊಂಡು ಬಂದ. ಹಿಂದಿನಿಂದ ಠಪ್ ಎಂದು ಸದ್ದು ಬಂತು.

ಅವಳು ಚೀಲ ಹಾಸಿ ಕಾರಿನ ಕೆಳಗೆ ಮಲಗಿ ನೋಡಿದಳು. ಪಾಟಾದ ಹಿಂದಿನ ತುದಿ ಗಾಡಿಗೆ ನೇರವಾಗಿ ಸಿಕ್ಕಿರುವುದಿಲ್ಲ, ಶೆಕಲ್ ಎಂಬ ಎರಡು ಗಿಡ್ಡ ಪಟ್ಟಿಗಳಲ್ಲಿ ಜೋತಾಡುತ್ತಿರುತ್ತದೆ. ಬಿಲ್ಲು ಸಪಾಟಾದರೆ ಉದ್ದವಾಗುತ್ತದೆ. ಉದ್ದವಾದ ಪಾಟಾ ಆ ಶೆಕಲ್ಲನ್ನು ಹಿಂದಕ್ಕೆ ತಳ್ಳಿ ಅಡ್ಡ ಮಲಗಿಸಿತ್ತು. ಗಾಡಿ ಕುಪ್ಪಳಿಸಿದಾಗ ಅದು ಗಾಡಿಯ ಮೈಗೆ ಬಡಿಯುತ್ತಿತ್ತು. ಅವಳು ಪಾಟಾ ಮತ್ತೆ ಬಿಚ್ಚಿ ಕೆಳಗಿಟ್ಟಳು.

ಕಂಠೆಪ್ಪನಿಗೆ ಅದು ಮೊದಲೇ ಹೊಳೆದಿರಬೇಕು. ಆದರೂ ಅವನು ನಗಲಿಲ್ಲ. “ಊಟ ಮಾಡು ಬಾ,” ಎಂದಷ್ಟೇ ಹೇಳಿದ. ರೊಟ್ಟಿ ಮುರಿದು ಅವಳ ತಾಟಿಗೂ ಹಾಕಿದ.

ಊಟ ಮಾಡುತ್ತಿದ್ದಂತೆ ಸತ್ಯವ್ವ ಬಿಚ್ಚಿಟ್ಟ ಉದ್ದನೆಯ ಪಟ್ಟಿಯನ್ನೇ ನೋಡುತ್ತಿದ್ದಳು. ಅದರ ಎರಡೂ ತುದಿಗಳನ್ನು ಬೋಲ್ಟು ತೂರಲಿಕ್ಕೆಂದು ಮೇಲ್ಮುಖವಾಗಿ ಸುರುಳಿ ಸುತ್ತಿದ್ದರು. ಕಾರಿನ ಮೈ ಕೂತಿರುವುದು ಆ ಸುರುಳಿಗಳ ಮೇಲೆ. ಪಟ್ಟಿ ಕೆಳಗೆ, ಸುರುಳಿ ಮೇಲೆ. ಅವಳ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

“ಏನ್ರಿ,” ಎಂದಳು, “ಬಾಗು ಇದ್ದಂಗ ಇರ್ಲಿ. ಈ ಸುರುಳಿ ಬಿಚ್ಚಿ ಕೆಳಗ ಸುತ್ತಿದ್ರ?”

ಕಂಠೆಪ್ಪ ಅಗಿಯುವುದನ್ನು ನಿಲ್ಲಿಸಿದ. ಎಡಗೈಯ ತೋರುಬೆರಳನ್ನು ಮೊದಲು ಮೇಲಕ್ಕೆ ಮಡಿಚಿದ, ಆಮೇಲೆ ಕೆಳಕ್ಕೆ ಮಡಿಚಿದ. ಮತ್ತೊಮ್ಮೆ ಹಾಗೇ ಮಾಡಿದ.

“ಸುರುಳಿ ಕೆಳಗ ಹೋತಂದ್ರ ಗಾಡೀನೂ ಅಷ್ಟ ಕೆಳಗ ಕುಂದರ್ತದ,” ಎಂದ ನಿಧಾನವಾಗಿ. “ಬಾಗು ಹಂಗ ಉಳೀತದ. ಶೆಕಲ್ ನೆಟ್ಟಗ ನಿಂದರ್ತದ.” ಸ್ವಲ್ಪ ತಡೆದು ಕೇಳಿದ. “ಇದನ್ನ ಯಾರ ಹೇಳಿದ್ರು ನಿನಗ?”

“ಯಾರ ಹೇಳ್ಬೇಕ್ರಿ? ನಿಮ್ಮ ಎದುರಿಗೆ ನಿಂತು ಇಷ್ಟು ವರ್ಷ ಬರೇ ಹೊಡದೆ ಅಂತ ತಿಳದೀರೇನ?”

ಅವನು ಕೈ ತೊಳೆದು ಎದ್ದ. ಕುಲುಮೆಗೆ ಇದ್ದಿಲು ಸುರಿದು ಗಾಳಿಯ ಮೋಟರು ಹಚ್ಚಿದ. ಆಮೇಲೆ ಗೂಟದಿಂದ ಇಕ್ಕಳ ತೆಗೆದು, ತಾನು ಹಿಡಿಯದೆ, ಅವಳ ಮುಂದೆ ಚಾಚಿದ. “ನೀ ಹಿಡಿ. ಬಣ್ಣ ನನಗ ಕಾಣೂದಿಲ್ಲ ಅಂತ ನಿನಗ ಗೊತ್ತೈತಿ. ನಾ ಹೊಡೀತೀನಿ.”

ಅವನು ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಸತ್ಯವ್ವ ಇಕ್ಕಳ ತೆಗೆದುಕೊಂಡಳು.

ಬಾಗು ತಗ್ಗಿಸಿದ್ದ ಪಟ್ಟಿಗಳನ್ನು ಮೊದಲು ಹಳೆಯ ಆಕಾರಕ್ಕೆ ತಂದರು. ಆಮೇಲೆ ಉದ್ದ ಪಟ್ಟಿಯ ತುದಿ ಮಾತ್ರ ಕಾಯಬೇಕು, ಶಾಖ ಒಳಗೆ ಹೋಗಬಾರದೆಂದು ಗೇಣು ದೂರದಿಂದಾಚೆಗೆ ಒದ್ದೆ ಗೋಣಿ ಸುತ್ತಿದಳು. ತುದಿ ಕಂದಿತು, ಕೆಂಪಾಯಿತು, ಮಾಗಿದ ಗೇರುಹಣ್ಣಿನ ಬಣ್ಣಕ್ಕೆ ತಿರುಗಿತು. ಹೊರಗೆಳೆದು ಅಡಿಗಲ್ಲಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ತಟ್ಟಿ ಜಾಗ ತೋರಿಸಿದಳು. ಅವನು ಹೊಡೆದ. ಮೊದಲ ಪೆಟ್ಟು ಅತ್ತ ಸರಿಯಿತು.

“ನಾ ತೋರಿಸಿದಲ್ಲಿ ಹೊಡೀರಿ,” ಎಂದಳು.

ಇಷ್ಟು ವರ್ಷ ಅವನು ಅವಳಿಗೆ ಹೇಳುತ್ತಿದ್ದ ಮಾತು ಅದು. ಇಬ್ಬರಿಗೂ ಒಟ್ಟಿಗೇ ನಗು ಬಂತು. ಎಷ್ಟು ಬಂತೆಂದರೆ ಕಬ್ಬಿಣ ತಣ್ಣಗಾಗಿ ಮತ್ತೆ ಬೆಂಕಿಗೆ ಹಾಕಬೇಕಾಯಿತು. ಪಕ್ಕದಲ್ಲಿ ಬುಟ್ಟಿ ಇಟ್ಟು ಮೀನು ಮಾರುತ್ತಿದ್ದ ಸೋನಿಬಾಯಿ ಏನಾಯಿತೋ ಎಂದು ಎದ್ದು ಬಂದು ನೋಡಿ ಹೋದಳು.

ನಾಲ್ಕು ಸುರುಳಿಗಳನ್ನು ಬಿಚ್ಚಿ ಕೆಳಮುಖವಾಗಿ ಸುತ್ತಲು ಮೂರು ದಿನ ಹಿಡಿಯಿತು. ಸುತ್ತಿದ ಪ್ರತಿ ತುದಿಯನ್ನೂ ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಸಿ ಗಡಸು ತಂದಳು. ಎರಡನೇ ಪಟ್ಟಿಯ ತುದಿ ಈಗ ಕೆಳಗಿಳಿದ ಸುರುಳಿಗೆ ತಾಗುತ್ತಿತ್ತು, ಅದನ್ನು ಎರಡು ಬೆರಳಷ್ಟು ಕತ್ತರಿಸಿದರು. ಹೊಸ ರಬ್ಬರ್ ಬುಶ್ ಹಾಕಿ ಎಲ್ಲ ಬಿಗಿದು ಕಾರನ್ನು ನೆಲಕ್ಕಿಳಿಸಿದಾಗ ಕಂಠೆಪ್ಪನೇ ಟೇಪು ಹಿಡಿದ. ಓದಲು ಮಾತ್ರ ಅವಳ ಕೈಗೆ ಕೊಟ್ಟ. ಮೂರು ಇಂಚಿಗೆ ಒಂದು ಕೂದಲೆಳೆ ಹೆಚ್ಚು. ಶೆಕಲ್ ನೆಟ್ಟಗೆ ನಿಂತಿತ್ತು.

ಮರುದಿನ ಬೆಳಿಗ್ಗೆ ನೀಲಗಂಗಾ ಬಂದರು. ಬಾಗಿಲು ತೆರೆದು, ಕೋಲನ್ನು ಮೊಮ್ಮಗಳ ಕೈಗೆ ಕೊಟ್ಟು, ಎಡಗಾಲು ಎತ್ತಿ ಒಳಗಿಟ್ಟರು. ಆಮೇಲೆ ಬಲಗಾಲು. ಹಿಂದಿನ ಸೀಟಿನ ಎಡಮೂಲೆಯಲ್ಲಿ, ಗಂಡನ ಕಾಲದಿಂದ ಅವರು ಕೂಡುತ್ತಿದ್ದ ಜಾಗದಲ್ಲಿ, ಕೂತು ಸೀರೆ ಸರಿಮಾಡಿಕೊಂಡರು.

“ಸತ್ಯವ್ವ,” ಎಂದರು ನೀಲಗಂಗಾ, “ಆವತ್ತು ಗಾಡಿ ಏರಸಾಕ ಬಂದಾಗ ನಾನೂ ಬಂದಿದ್ದೆ. ಈ ಗೇರುಮರದ ಬುಡಕ್ಕ ಕುಂತಿದ್ದೆ. ನೀ ಸಮ್ಮಟಗಿ ಬೀಸೂದು ನೋಡಿ ಮನಿಗೆ ಹೋಗಿ ಒಂದು ವಾರ ಎಲ್ಲಾರಿಗೂ ಅದನ್ನ ಹೇಳೀನಿ. ನಮ್ಮವರು ಬ್ಯಾಸತ್ತು, ಅಂಗಡಿ ಬಿಟ್ಟು ಕುಲುಮಿ ಇಡೂಣೇನು ಅಂತ ಕೇಳಿದ್ರು.”

ಸತ್ಯವ್ವನಿಗೆ ಆ ದಿನದ ನೆನಪೇ ಇರಲಿಲ್ಲ. ಎಷ್ಟೋ ಗಾಡಿ, ಎಷ್ಟೋ ಜನ. ಒಬ್ಬ ಹೆಂಗಸು ತನ್ನನ್ನು ಅಷ್ಟು ನೋಡಿದ್ದಳೆಂದು ಈಗ ಕೇಳಿ, ಅವಳು ಕೈಯ ಮಸಿ ಒರೆಸಿಕೊಳ್ಳುತ್ತ ನಿಂತಳು.

“ಭಾರ ಹಾಕಿ ನೋಡಬೇಕ್ರಿ,” ಎಂದ ಕಂಠೆಪ್ಪ. “ಹಿಂದ ಮಂದಿ ಕುಂತಾಗ ಬಡೀಬಾರದು.”

“ಮತ್ತ ನಿಂತೀರಿ ಯಾಕ? ಹತ್ತರಿ ಇಬ್ಬರೂ,” ಎಂದರು ನೀಲಗಂಗಾ.

“ನನ್ನ ಸೀರಿ ಮಸಿ ಆಗೈತ್ರಿ ಅವ್ವಾರ.”

“ಮೆಣಸಿನಕಾಯಿ ಚೀಲ ಹೊತ್ತ ಗಾಡಿ ಇದು. ಹತ್ತು.”

ಮೂವತ್ತೇಳು ವರ್ಷದಲ್ಲಿ ಸತ್ಯವ್ವ ನೂರಾರು ಗಾಡಿಗಳ ಕೆಳಗೆ ಮಲಗಿದ್ದಳು. ದುರಸ್ತಿ ಮಾಡಿದ ಗಾಡಿಯೊಳಗೆ ಒಮ್ಮೆಯೂ ಕೂತಿರಲಿಲ್ಲ. ನೀಲಗಂಗಾ ಅವರ ಪಕ್ಕ ಅವಳು, ಅವಳ ಪಕ್ಕ ಕಂಠೆಪ್ಪ. ಭಾರ ಸಾಲದೆಂದು ಸ್ನೇಹಲ್ ಸೋನಿಬಾಯಿಯನ್ನೂ ಮೀನಿನ ಬುಟ್ಟಿ ಸಮೇತ ಮುಂದೆ ಕೂರಿಸಿಕೊಂಡಳು. ಕಾರು ತಿಸ್ಕದ ಕಡೆ ಹೊರಟಿತು. ಮೊದಲ ಉಬ್ಬು ಬಂದಾಗ ಸತ್ಯವ್ವ ಉಸಿರು ಬಿಗಿಹಿಡಿದು ಕಿವಿಗೊಟ್ಟಳು. ಕಾರು ಮೆತ್ತಗೆ ಮೇಲೆದ್ದು ಮೆತ್ತಗೆ ಕೂತಿತು. ಸದ್ದಿಲ್ಲ. ಎರಡನೆಯದು ಇನ್ನೂ ದೊಡ್ಡ ಉಬ್ಬು, ಅದಕ್ಕೂ ಸದ್ದಿಲ್ಲ.

ನಾಕಾದಲ್ಲಿ ನಿಲ್ಲಿಸಿ ಎಲ್ಲರೂ ಪಾವ್ ಭಾಜಿ ತಿಂದರು. ನೀಲಗಂಗಾ ಕಾರಿನೊಳಗೇ ಕೂತು ತಿಂದರು, ಬಾಗಿಲು ಅಗಲವಾಗಿ ತೆರೆದಿಟ್ಟುಕೊಂಡು, ಬಂದು ಹೋಗುವವರನ್ನು ಮಾತಾಡಿಸುತ್ತ. ಕಂಠೆಪ್ಪ ಹೋಟೆಲಿನವನಿಗೆ ಕಾರು ತೋರಿಸಿ, “ಇದನ್ನ ಇಳಿಸಿದಾಕಿ ನಮ್ಮಾಕಿ,” ಎಂದು ಹೇಳುತ್ತಿದ್ದುದು ಸತ್ಯವ್ವನಿಗೆ ಕೇಳಿಸಿತು. ಅವಳು ಕೇಳಿಸದವಳಂತೆ ಚಹಾ ಊದುತ್ತ ನಿಂತಳು.

ವಾಪಸು ಶೆಡ್ಡಿನ ಹತ್ತಿರ ಬಂದಾಗ ಸ್ನೇಹಲ್ ನಿಶ್ಚಯಕ್ಕೆ ಬರಲೇಬೇಕೆಂದು ಇಬ್ಬರಿಗೂ ಹೇಳಿದಳು. ಇದೇ ಗಾಡಿಯಲ್ಲಿ, ಅಜ್ಜಿಯ ಜೊತೆಗೆ, ಬೆಳಿಗ್ಗೆ ಏಳಕ್ಕೆ.

“ಬರ್ತೀವ್ರಿ,” ಎಂದಳು ಸತ್ಯವ್ವ. ಆಮೇಲೆ ಸ್ವಲ್ಪ ಸಂಕೋಚದಿಂದ ಮುಂದಕ್ಕೆ ಬಾಗಿ ಹೇಳಿದಳು, “ತಂಗಿ, ಆ ದೊಡ್ಡ ಉಬ್ಬಿನ ಮ್ಯಾಲ ಇನ್ನೊಂದ್ಸಲ ಹಾಯಿಸ್ತಿಯೇನವಾ?”

ಸ್ನೇಹಲ್ ಗಾಡಿ ತಿರುಗಿಸಿದಳು.