ಗ್ರೈಂಡರಿನ ಎದುರಿನ ಮಣೆ

ಬೊಬ್ರುವಾಡದ ನಮ್ಮ ಮನೆಯ ಗ್ರೈಂಡರಿನ ಎದುರು ಒಂದು ಹಲಸಿನ ಮಣೆ ಇರುತ್ತಿತ್ತು. ಕೂರುವುದಕ್ಕಲ್ಲ, ನಿಲ್ಲುವುದಕ್ಕೆ. ಗ್ರೈಂಡರಿನ ಸ್ಟೀಲ್ ಮೈ ಮುಟ್ಟಿದರೆ ಜುಮ್ ಎನ್ನುತ್ತಿತ್ತು, ಮರದ ಮೇಲೆ ನಿಂತು ಮುಟ್ಟಿದರೆ ಇಲ್ಲ. ಆಯಿಯ, ಅಂದರೆ ನನ್ನ ಅಮ್ಮನ, ಪ್ರಕಾರ ಅಲ್ಲಿಗೆ ರೋಗವೂ ಮುಗಿಯಿತು, ಮದ್ದೂ ಮುಗಿಯಿತು. ಅಕ್ಕಪಕ್ಕದ ಮನೆಗಳಲ್ಲೂ ಇದೇ ಮದ್ದು ನಡೆಯುತ್ತಿತ್ತು.

ನಾನು ಕಾರವಾರದಲ್ಲಿ ಐಟಿಐ ಮುಗಿಸಿ ಬಾಳೆಗುಳಿಯ ಒಂದು ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಊರವರ ಇಸ್ತ್ರಿ ಪೆಟ್ಟಿಗೆ, ಮಿಕ್ಸರ್, ನೀರು ಕಾಯಿಸುವ ರಾಡ್, ಯಾವುದನ್ನೂ ಪರೀಕ್ಷೆ ಮಾಡದೆ ವಾಪಸು ಕೊಡುವುದಿಲ್ಲ. ನಮ್ಮ ಮನೆಯ ಗ್ರೈಂಡರನ್ನು ಮಾತ್ರ ಮುಟ್ಟಲು ಸಿಕ್ಕಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲವಲ್ಲ. ಆಯಿ ಹೆದ್ದಾರಿ ಬದಿಯ ಹೋಟೆಲಿಗೆ ದಿನಾ ದೋಸೆ ಹಿಟ್ಟು ಕೊಡುತ್ತಾಳೆ. ನಾನು ಕೇಳಿದಾಗಲೆಲ್ಲ ಗ್ರೈಂಡರಿನೊಳಗೆ ಅಕ್ಕಿ ತಿರುಗುತ್ತಿರುತ್ತಿತ್ತು.

ಕಳೆದ ವರ್ಷ ಅತ್ತಿಗೆಗೆ ಏಳು ತಿಂಗಳು. ಅರೆಯುವ ಕೆಲಸ ಅವಳದ್ದೇ. ಗೋಡೆಯ ಪ್ಲಗ್ಗಿಗೆ ಅರ್ಥಿಂಗ್ ಮಾಡಿಸಿದವರಿಲ್ಲ. ಒದ್ದೆ ಕೈ, ತುಂಬಿದ ಹೊಟ್ಟೆ, ಕಾಲಡಿ ಗೇಣಗಲದ ಮಣೆ. ಒಂದು ಕಾಲು ಜಾರಿ ನೆಲಕ್ಕೆ ತಾಗಿದರೆ ಸಾಕಿತ್ತು. ಅವಳು ಅಲ್ಲಿ ನಿಂತಿರುವುದನ್ನು ನೋಡಿದರೆ ನನಗೆ ಊಟ ಸೇರುತ್ತಿರಲಿಲ್ಲ. "ನೀನು ಬರೇ ಹೆದರ್ಸೂಕೆ ಕಲ್ತು ಬಂದೆ," ಎನ್ನುತ್ತಿದ್ದಳು ಆಯಿ. ನಾನೂ ಸಿಟ್ಟಿನವಳೇ, ಎರಡು ದಿನ ಅವಳೊಡನೆ ಮಾತು ಬಿಟ್ಟೆ. ಗ್ರೈಂಡರ್ ತನ್ನ ಪಾಡಿಗೆ ತಿರುಗುತ್ತಲೇ ಇತ್ತು.

ಅಷ್ಟರಲ್ಲಿ ಆಯುಧ ಪೂಜೆ ಬಂತು. ಅಂದು ನಮ್ಮಲ್ಲಿ ಕತ್ತಿ, ಹಾರೆ, ನನ್ನ ರಿಪೇರಿ ಸಾಮಾನಿನ ಜೊತೆ ಮಿಕ್ಸರ್, ಗ್ರೈಂಡರ್ ಕೂಡ ಅಂಗಳಕ್ಕೆ ಬರುತ್ತವೆ. ಆಯಿ ಪ್ರತಿ ವರ್ಷದ ಹಾಗೆ ಕೊಡಪಾನ ನೀರು ಸುರಿದು ಗ್ರೈಂಡರಿಗೆ ಸ್ನಾನ ಮಾಡಿಸಿದಳು, ಕುಂಕುಮ ಹಚ್ಚಿ ಗೊಂಡೆ ಹೂವಿನ ಮಾಲೆ ಹಾಕಿದಳು. ಪೂಜೆಗಿಟ್ಟ ಸಾಮಾನನ್ನು ಮರುದಿನದವರೆಗೆ ಬಳಸುವಂತಿಲ್ಲ. ವರ್ಷದಲ್ಲಿ ಗ್ರೈಂಡರ್ ಸುಮ್ಮನೆ ಕೂರುವ ದಿನ ಅದೊಂದೇ. ಪೂಜೆಯ ಸಾಲಿನಿಂದ ನಾನು ಕರೆಂಟ್ ಸೋರಿಕೆ ಪತ್ತೆ ಮಾಡುವ ನನ್ನ ಮೆಗ್ಗರ್ ಎತ್ತಿಕೊಂಡೆ.

"ಪೂಜೆಗಿಟ್ಟದ್ಕೆ ಕರೆಂಟ್ ಕೊಡೂಕಾಗುದಿಲ್ಲ," ಎಂದಳು ಆಯಿ.

"ಕರೆಂಟೇ ಬೇಡ ಆಯಿ. ಇದ್ರ ಹಿಡಿ ನಾನೇ ಕೈಯಲ್ಲಿ ತಿರುಗಿಸ್ತೆ. ಇದ್ಕೂ ನೀನೇ ಕುಂಕುಮ ಹಚ್ಚಿದ್ಯಲ್ಲ, ಮುಟ್ಟಿದ್ರೆ ಮೈಲಿಗೆ ಆಗುದಿಲ್ಲ."

ಅವಳು ಸರಿದು ನಿಂತಳು. ಮೆಗ್ಗರಿನ ಒಂದು ತಂತಿಯನ್ನು ಪ್ಲಗ್ಗಿನ ಪಿನ್ನಿಗೂ ಇನ್ನೊಂದನ್ನು ಗ್ರೈಂಡರಿನ ಮೈಗೂ ಸಿಕ್ಕಿಸಿ, ಯಾರೂ ಮುಟ್ಟಬೇಡಿ ಎಂದು ಹೇಳಿ ಹಿಡಿ ತಿರುಗಿಸಿದೆ. ಒಳಗಿನ ತಂತಿ ಸರಿಯಿದ್ದರೆ ಮುಳ್ಳು ಸೊನ್ನೆಯಿಂದ ದೂರ ನಿಲ್ಲಬೇಕು. ಅದು ನೇರ ಸೊನ್ನೆಗೇ ಹೋಗಿ ಕೂತಿತು. ಕರೆಂಟ್ ಮೈಗೆ ಬರುತ್ತಿದೆ ಎಂದು ಅದರರ್ಥ.

"ಬೆಳಗ್ಗೆ ತೊಳ್ದದ್ಕೆ ಹಾಂಗೆ. ಒಣಗ್ಲಿ, ಸರಿಯಾಗ್ತದೆ," ಎಂದಳು ಆಯಿ.

ವರ್ಷಾ ವರ್ಷಾ ಹೀಗೆ ತೊಳೆದೇ ಮೋಟಾರು ಹಾಳಾಗಿದ್ದು ಎಂದು ನನ್ನ ಬಾಯಿಗೆ ಬಂದಿತ್ತು. ಅಷ್ಟರಲ್ಲಿ, ಅತ್ತೆಗೆ ಎದುರಾಡದ ನಮ್ಮ ಅತ್ತಿಗೆ ಜಗಲಿಯಿಂದ ಮೆಲ್ಲಗೆ ಹೇಳಿದಳು.

"ಅಲ್ಲ ಅತ್ತೆ. ಮಳೆಗಾಲದಿಂದ ಜೋರಾಗೇ ಹೊಡೀತದೆ. ಒಂದಿನ ಕೈ ಹಿಡ್ಕಂಡೇ ಬಿಟ್ಟಿತ್ತು."

"ಮತ್ತೆ ಹೇಳೂಕೇನಾಗಿತ್ತು ನಿಂಗೆ?"

"ಹೇಳಿದ್ದೆ. ನೀವು ಮಣೆ ತಂದುಕೊಟ್ರಿ."

ಆಯಿ ಅವಳ ಮುಖವನ್ನೂ ಹೊಟ್ಟೆಯನ್ನೂ ನೋಡಿದಳು. ಆಯಿಯ ಕಣ್ಣು ತುಂಬಿದ್ದು ಕಂಡು ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಅವಳು ಗ್ರೈಂಡರಿನ ಮಾಲೆ ತೆಗೆದು ಪಕ್ಕಕ್ಕಿಟ್ಟಳು. ಪೂಜೆಯ ಸಾಲಿನಿಂದ ನನ್ನ ಸ್ಕ್ರೂಡ್ರೈವರ್ ಎತ್ತಿ, ಅದರ ಕುಂಕುಮವನ್ನು ಸೆರಗಿನಿಂದ ಒರೆಸಿ, ನನ್ನ ಕೈಗಿಟ್ಟಳು.

"ಈಗ್ಲೇ ಬಿಚ್ಚು," ಎಂದಳು. "ದೇವ್ರಿಗೆ ನಾ ಹೇಳ್ಕಳ್ತೆ."